ಮಿತವ್ಯಯವೂ ಲೋಭವೂ
(ಕಷ್ಟಕಾಲದ ಗೃಹಸ್ಥಧರ್ಮವನ್ನು ಕುರಿತ ಒಂದು ಪಾಠ)

ಕಾಲವು ಎಲ್ಲ ದಿನವೂ ಒಂದೇ ತೆರನಾಗಿರುವುದಿಲ್ಲ. ಒಂದು ವರ್ಷ ಕಣದಲ್ಲಿ ರಾಶಿ ತುಂಬುವುದು. ಮರುವರ್ಷ ಅದೇ ಹೊಲದಲ್ಲಿ ಬಿತ್ತಿದ ಬೀಜವೂ ಕೈಗೆ ಮರಳದು. 1876ರಿಂದ 1878ರವರೆಗಿನ ಮಹಾಕ್ಷಾಮವು ಬಯಲುಸೀಮೆಯ ಊರೂರುಗಳನ್ನೇ ಬರಿದು ಮಾಡಿತು. 2020ನೆಯ ಇಸವಿಯ ಮಾರ್ಚ್ 25ರಿಂದ ಮಹಾಮಾರಿಯ ಭಯಕ್ಕೆ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಮಳೆ ಬೆಳೆಗಳ ಹಂಗಿಲ್ಲವೆಂದುಕೊಂಡಿದ್ದ ಪಟ್ಟಣದ ವ್ಯಾಪಾರಿಯೂ ಬರವೆಂದರೇನೆಂಬುದನ್ನು ಕಂಡನು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ಕಷ್ಟಕಾಲವು ಹೇಳಿ ಕೇಳಿ ಬರುವ ಅತಿಥಿಯಲ್ಲ. ಅದು ಬಂದಾಗ ಗೃಹಸ್ಥನು ಹೇಗೆ ನಡೆಯಬೇಕು, ಬರುವ ಮುನ್ನ ಏನನ್ನು ಅಣಿಮಾಡಿಕೊಂಡಿರಬೇಕು ಎಂಬುದು ಈ ಪಾಠದ ವಿಷಯ.

ಇಲ್ಲಿ ಭಕ್ತನ ಮನಸ್ಸಿನಲ್ಲಿ ಒಂದು ಸಂದೇಹ ಏಳುವುದು ಸಹಜ. ನಾಳೆಗೆಂದು ಕೂಡಿಡುವ ಆಸೆಯನ್ನು ಶರಣರು ಮೆಚ್ಚಲಿಲ್ಲ. ಅಂದಂದಿನ ಕಾಯಕದಿಂದ ಬಂದುದನ್ನು ಅಂದಂದೇ ದಾಸೋಹಕ್ಕೆ ಸಲ್ಲಿಸುವುದು ಅವರ ನಡೆ. ಹೀಗಿರುವಲ್ಲಿ ಹಣವನ್ನು ಉಳಿಸಿರೆಂದು ಹೇಳುವುದು ಶರಣಮಾರ್ಗಕ್ಕೆ ವಿರೋಧವಲ್ಲವೆ? ಉಳಿತಾಯವೆಂಬುದು ಲೋಭದ ಮತ್ತೊಂದು ಹೆಸರಲ್ಲವೆ? ಈ ಸಂದೇಹವನ್ನು ಬದಿಗೊತ್ತಿ ಮುಂದೆ ಹೋಗುವುದು ತರವಲ್ಲ. ಏಕೆಂದರೆ ಇದನ್ನು ಬಿಡಿಸಿಕೊಳ್ಳದವನು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುವನು. ಒಂದೋ, ವೈರಾಗ್ಯದ ಹೆಸರಿನಲ್ಲಿ ಕೈಬಿಚ್ಚಿ ವೆಚ್ಚ ಮಾಡಿ ಸಾಲಗಾರನಾಗುವನು. ಇಲ್ಲವೆ, ಮಿತವ್ಯಯದ ಹೆಸರಿನಲ್ಲಿ ಕೈಬಿಗಿದು ಲೋಭಿಯಾಗುವನು.

ಲಕ್ಕಮ್ಮನ ಮಾನ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇವರ ಚರಿತ್ರೆಯನ್ನು ಅರಿಯದ ಭಕ್ತರಿಲ್ಲ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವು ಚೆಲ್ಲಿದ ಅಕ್ಕಿಯನ್ನು ಆಯುವುದು. ಆಯ್ದು ತಂದ ಅಕ್ಕಿಯೇ ಅವರ ಮನೆಯ ಗ್ರಾಸ. ಅದೇ ಅವರ ದಾಸೋಹದ ಪದಾರ್ಥ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ನಿತ್ಯದ ಅಳತೆಗೆ ಮಿಗಿಲಾದುದು ಆಸೆಯಿಂದ ಬಂದುದೇ ಹೊರತು ಕಾಯಕದಿಂದ ಬಂದುದಲ್ಲವೆಂದು ತಿಳಿದು, ಹೆಚ್ಚಾದುದನ್ನು ತಂದ ಠಾವಿನಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು. ಮಾರಯ್ಯನು ಹಾಗೆಯೇ ಮಾಡಿದನು.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಲಕ್ಕಮ್ಮನ ನಿರಾಶೆಯನ್ನು ಕೊಂಡಾಡುತ್ತಾರೆ. ಕೊಂಡಾಡತಕ್ಕುದೇ ಸರಿ. ಆದರೆ ಇದರಲ್ಲಿ ಮತ್ತೊಂದು ಸಂಗತಿ ಅಡಗಿದೆ. ಹೆಚ್ಚಾಯಿತೆಂದು ಆಕೆಗೆ ತಿಳಿದುದು ಹೇಗೆ? ದಿನಕ್ಕೆ ಎಷ್ಟು ಅಕ್ಕಿ ಬೇಕೆಂಬುದು ಆಕೆಗೆ ನಿಶ್ಚಯವಾಗಿ ಗೊತ್ತಿದ್ದುದರಿಂದಲ್ಲವೆ? ತನ್ನ ಮನೆಯ ಅಳತೆಯನ್ನು ಅರಿಯದ ಗೃಹಿಣಿಗೆ ಹೆಚ್ಚು ಬಂದುದೂ ತಿಳಿಯದು, ಕಡಿಮೆಯಾದುದೂ ತಿಳಿಯದು. ನಿರಾಶೆಗೂ ಒಂದು ಲೆಕ್ಕ ಬೇಕು. ಲಕ್ಕಮ್ಮನ ಕೈಯಲ್ಲಿದ್ದ ಆ ಅಳತೆಯೇ ಮಿತವ್ಯಯದ ಮೂಲ.

ಇನ್ನು ಕೂಡಿಡುವ ಮಾತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲವನ್ನು ಆಳವಾಗಿ ತೋಡಿ, ಒಳಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಮಣ್ಣು ಮುಚ್ಚಿದರೆ ವರ್ಷಗಳವರೆಗೆ ಧಾನ್ಯ ಉಳಿಯುತ್ತಿತ್ತು. ಮಳೆ ತಪ್ಪಿದ ವರ್ಷ ಹಗೇವನ್ನು ತೆಗೆದು ಮನೆಯವರೂ ಆಳುಕಾಳೂ ನೆರೆಹೊರೆಯೂ ಉಂಡರೆ ಆ ಹಗೇವು ಧರ್ಮದ ಹಗೇವು. ಊರೆಲ್ಲ ಹಸಿದಿರುವಾಗ ಧಾರಣೆ ಇನ್ನೂ ಏರಲೆಂದು ಬಾಯಿ ತೆಗೆಯದೆ ಕಾದು ಕುಳಿತರೆ ಅದೇ ಹಗೇವು ಪಾಪದ ಗುಂಡಿ. ತೋಡಿದ ನೆಲ ಒಂದೇ, ತುಂಬಿದ ಜೋಳ ಒಂದೇ. ಇಟ್ಟವನ ಉದ್ದೇಶ ಬೇರೆ. ಶರಣರು ನಿಷೇಧಿಸಿದುದು ಎರಡನೆಯದನ್ನು. ಸತ್ಯಶುದ್ಧ ಕಾಯಕದಿಂದ ಬಂದುದರಲ್ಲಿ ಒಂದು ಪಾಲನ್ನು, ಕಾಯಕವು ನಿಲ್ಲದಿರಲೆಂದೂ, ಮತ್ತೊಬ್ಬರ ಮುಂದೆ ಕೈಯೊಡ್ಡುವ ಸ್ಥಿತಿ ಬಾರದಿರಲೆಂದೂ, ದಾಸೋಹವು ತಪ್ಪದಿರಲೆಂದೂ ಉಳಿಸುವುದು ಲೋಭವಲ್ಲ. ಆದುದರಿಂದ ಉಳಿತಾಯವನ್ನು ಪರೀಕ್ಷಿಸಲು ಎರಡು ಪ್ರಶ್ನೆಗಳು ಸಾಕು: ಇದು ಎಲ್ಲಿಂದ ಬಂದಿತು? ಇದು ಯಾರಿಗಾಗಿ ಇದೆ?

ಮನೆಯ ಲೆಕ್ಕ

ಕಷ್ಟಕಾಲದಲ್ಲಿ ವೆಚ್ಚವನ್ನು ಕಡಿಮೆ ಮಾಡಬೇಕೆಂದು ಎಲ್ಲರೂ ಬಲ್ಲರು. ಯಾವುದನ್ನು ಮೊದಲು ಕಡಿಮೆ ಮಾಡಬೇಕು, ಯಾವುದನ್ನು ಕಡೆಯವರೆಗೂ ಮುಟ್ಟಬಾರದು ಎಂಬಲ್ಲಿ ಮಾತ್ರ ವಿವೇಕ ಬೇಕಾಗುವುದು. ಮನೆಯ ವೆಚ್ಚವನ್ನು ಆವಶ್ಯಕ, ಅನುಕೂಲ, ಆಡಂಬರ ಎಂದು ಮೂರು ಭಾಗ ಮಾಡಬಹುದು. ಅನ್ನ, ಔಷಧ, ಮಕ್ಕಳ ವಿದ್ಯೆ, ಕಾಯಕದ ಉಪಕರಣಗಳು ಆವಶ್ಯಕ. ಇದ್ದರೆ ಸುಖ, ಇಲ್ಲದಿದ್ದರೂ ನಡೆಯುವುದು ಎಂಬಂಥವು ಅನುಕೂಲ. ನೆರೆಯವರು ನೋಡಲೆಂದು ಮಾಡುವುದೆಲ್ಲ ಆಡಂಬರ. ಆಡಂಬರವನ್ನು ಮೊದಲು ಬಿಡಬೇಕು, ಅನುಕೂಲವನ್ನು ಅನಂತರ ಕುಗ್ಗಿಸಬೇಕು, ಆವಶ್ಯಕವನ್ನು ಕಾಪಾಡಬೇಕು.

ಲೋಕದಲ್ಲಿ ನಡೆಯುವುದು ಇದಕ್ಕೆ ವಿಪರೀತ. ಮಗಳ ಮದುವೆಗೆ ಚಪ್ಪರವೂ ವಾದ್ಯವೂ ಊರೂಟವೂ ಕಡಿಮೆಯಾದರೆ ಮಾನ ಹೋಗುವುದೆಂದು ಹೆದರುವ ಯಜಮಾನನು, ಮಕ್ಕಳ ಹಾಲನ್ನು ಅರ್ಧ ಮಾಡಲು ಹೆದರುವುದಿಲ್ಲ. ಮುದಿತಾಯಿಯ ಔಷಧವನ್ನು ಮುಂದಿನ ತಿಂಗಳಿಗೆ ದೂಡಲು ಹೆದರುವುದಿಲ್ಲ. ಏಕೆಂದರೆ ಹಾಲು ಕಡಿಮೆಯಾದುದು ನೆರೆಯವರಿಗೆ ಕಾಣುವುದಿಲ್ಲ. ಒಂದು ದಿನದ ಮದುವೆಗೆ ಮಾಡಿದ ಸಾಲವು ಆ ಮಗಳ ಮಕ್ಕಳು ಶಾಲೆಗೆ ಹೋಗುವ ಕಾಲಕ್ಕೂ ತೀರದೆ ಉಳಿದ ಮನೆಗಳು ಎಷ್ಟೋ ಇವೆ. ಅನೇಕ ಮಠಗಳಲ್ಲಿ ಸಾಮೂಹಿಕ ವಿವಾಹಗಳು ನಡೆಯುತ್ತವೆ. ಅವು ಬಡವರಿಗಾಗಿ ಮಾತ್ರವೆಂದು ಉಳ್ಳವರು ದೂರ ನಿಲ್ಲುವುದರಿಂದ, ಅಲ್ಲಿಗೆ ಬರಲು ನಡುವಣ ಸ್ಥಿತಿಯವನು ನಾಚುತ್ತಾನೆ. ಉಳ್ಳವರು ತಮ್ಮ ಮಕ್ಕಳನ್ನೂ ಅದೇ ಮಂಟಪದಲ್ಲಿ ನಿಲ್ಲಿಸಿದರೆ ಎಷ್ಟೋ ಮನೆಗಳು ಸಾಲದಿಂದ ಉಳಿದಾವು.

ಸಾಲದ ಗಣಿತವನ್ನು ಗೃಹಸ್ಥನು ಸರಿಯಾಗಿ ತಿಳಿಯಬೇಕು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯೆಂದರೆ ಕೇಳುವ ಕಿವಿಗೆ ಅಲ್ಪವಾಗಿ ತೋರುವುದು. ಆದರೆ 50,000 ರೂಪಾಯಿ ಸಾಲಕ್ಕೆ ಅದು ತಿಂಗಳಿಗೆ 1,500 ರೂಪಾಯಿ. ವರ್ಷಕ್ಕೆ 18,000 ರೂಪಾಯಿ. ಮೂರು ವರ್ಷ ತುಂಬುವ ಮೊದಲೇ ತಂದ ಗಂಟಿನಷ್ಟು ಹಣವನ್ನು ಬಡ್ಡಿಯಾಗಿ ತೆತ್ತಾಗಿರುತ್ತದೆ. ಅಸಲು ಇದ್ದಂತೆಯೇ ಇರುತ್ತದೆ. ಇಂಥ ಸಾಲವನ್ನು ಬೆನ್ನಮೇಲೆ ಹೊತ್ತವನು ಅಲ್ಪ ಬಡ್ಡಿಯ ಠೇವಣಿಯಲ್ಲಿ ಹಣವಿಡುವುದು, ತೂತುಬಿದ್ದ ಕೊಡದಲ್ಲಿ ನೀರು ತುಂಬಿದಂತೆ. ಅವನಿಗೆ ಮೊದಲ ಉಳಿತಾಯವೆಂದರೆ ಸಾಲ ತೀರಿಸುವುದೇ. ಒಡವೆಯನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಕಡಿಮೆ ಬಡ್ಡಿಗೆ ಹಣ ಪಡೆದು ಹೆಚ್ಚು ಬಡ್ಡಿಯ ಸಾಲವನ್ನು ಹರಿಯುವುದು ಅವಮಾನವಲ್ಲ. ಒಡವೆ ಪೆಟ್ಟಿಗೆಯಲ್ಲಿದ್ದು ಮನೆ ಬಡ್ಡಿಗೆ ಹೋಗುವುದೇ ಅವಮಾನ.

ಹನಿಹನಿ ಕೂಡಿದರೆ ಹಳ್ಳವೆಂಬ ಗಾದೆ ಹಳೆಯದಾದರೂ ಸುಳ್ಳಾಗಿಲ್ಲ. ದಿನಕ್ಕೆ 20 ರೂಪಾಯಿಯನ್ನು ವ್ಯರ್ಥವಾಗಿ ಚೆಲ್ಲದೆ ತೆಗೆದಿಟ್ಟರೆ ವರ್ಷಕ್ಕೆ 7,300 ರೂಪಾಯಿಯಾಗುವುದು. ಒಂದು ಮಗುವಿನ ಪುಸ್ತಕ, ಬಟ್ಟೆ, ಚೀಲಗಳ ವೆಚ್ಚಕ್ಕೆ ಅದು ಆಧಾರ. ಆದರೆ ತಿಂಗಳ ಕಡೆಯಲ್ಲಿ ಉಳಿದುದನ್ನು ಇಡೋಣವೆಂದರೆ ಏನೂ ಉಳಿಯದು. ಗಳಿಕೆ ಕೈಗೆ ಬಂದ ದಿನವೇ ಉಳಿತಾಯದ ಪಾಲನ್ನು ಬೇರೆ ಇಟ್ಟು, ಮಿಕ್ಕುದರಲ್ಲಿ ಸಂಸಾರ ನಡೆಸಬೇಕು. ಹೀಗೆ ಮೂರು ನಾಲ್ಕು ತಿಂಗಳ ಊಟ, ಬಾಡಿಗೆ, ಔಷಧಗಳಿಗೆ ಸಾಲುವಷ್ಟನ್ನು ಬೇಕಾದಾಗ ಕೈಗೆ ಸಿಗುವಂತೆ ಇಟ್ಟುಕೊಂಡವನು, 2020ರಂಥ ಕಾಲ ಬಂದರೂ ಬಡ್ಡಿಯವನ ಬಾಗಿಲಿಗೆ ಹೋಗಬೇಕಾಗುವುದಿಲ್ಲ.

ಮನೆಯ ಲೆಕ್ಕವು ಗಂಡನ ಜೇಬಿನಲ್ಲಿ ಮಾತ್ರ ಇರತಕ್ಕುದಲ್ಲ. ಎಷ್ಟೋ ಮನೆಗಳಲ್ಲಿ ಸಾಲವಿರುವುದು ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತಾಗಲೇ ಹೆಂಡತಿಗೆ ತಿಳಿಯುವುದು. ಹೇಳಿದರೆ ನೊಂದಾಳೆಂದು ಮುಚ್ಚಿಡುವುದು ಪ್ರೀತಿಯಲ್ಲ. ಅದು ಆಕೆಯ ವಿವೇಕವನ್ನು ಅಲ್ಲಗಳೆದಂತೆ. ಲಕ್ಕಮ್ಮನಿಗೆ ಅಕ್ಕಿಯ ಲೆಕ್ಕ ತಿಳಿಯದೆ ಇದ್ದಿದ್ದರೆ ಮಾರಯ್ಯನನ್ನು ತಿದ್ದುವವರು ಯಾರಿದ್ದರು? ವಾರಕ್ಕೊಮ್ಮೆ ಗಂಡಹೆಂಡಿರು ಕೂಡಿ ಕುಳಿತು ಬಂದುದನ್ನೂ ಹೋದುದನ್ನೂ ಒಂದು ಪುಸ್ತಕದಲ್ಲಿ ಬರೆಯುವುದು ಒಳ್ಳೆಯ ವ್ರತ.

ಅಂಗಡಿಯ ಲೆಕ್ಕ

ವ್ಯಾಪಾರವೂ ಕಾಯಕವೇ. ನುಲಿಯ ಚಂದಯ್ಯನು ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ನಡೆಸುತ್ತಿದ್ದನು. ಅವನ ಹಗ್ಗಕ್ಕೆ ಸಲ್ಲಬೇಕಾದ ಬೆಲೆಗಿಂತ ಮಿಗಿಲಾದ ಹೊನ್ನು ಬಂದಾಗ ಅವನು ಅದನ್ನು ಒಪ್ಪಲಿಲ್ಲವೆಂದು ಶರಣರ ಕಥೆ ಹೇಳುತ್ತದೆ. ವಸ್ತುವಿಗೆ ತಕ್ಕ ಬೆಲೆ, ಬೆಲೆಗೆ ತಕ್ಕ ವಸ್ತು: ಇದು ಚಂದಯ್ಯನ ನ್ಯಾಯ. ಕಷ್ಟಕಾಲದ ವ್ಯಾಪಾರಿಗೆ ಈ ನ್ಯಾಯವೇ ಮೊದಲ ಪರೀಕ್ಷೆ. ತೂಕದಲ್ಲಿ ಸ್ವಲ್ಪ ತಗ್ಗಿಸುವುದು, ಕಾಳಿಗೆ ಕಲ್ಲು ಬೆರೆಸುವುದು, ಆಳಿನ ಕೂಲಿಯನ್ನು ತಡೆಹಿಡಿಯುವುದು, ಈ ಮೂರೂ ಸುಲಭವಾದ ಉಳಿತಾಯಗಳಾಗಿ ಕಾಣುತ್ತವೆ. ಇವು ಉಳಿತಾಯವಲ್ಲ, ಮತ್ತೊಬ್ಬರ ಗಂಟಿನಿಂದ ಕದ್ದುದು. ಅಂಗಡಿ ಮಂದವಾದಾಗ ಆಳಿನ ಮನೆಯ ಒಲೆಯೂ ಮಂದವಾಗಿರುತ್ತದೆಂಬುದನ್ನು ಯಜಮಾನನು ಮರೆಯಬಾರದು. ಕೂಲಿಯನ್ನು ಮುಟ್ಟುವ ಮುನ್ನ ತನ್ನ ಮನೆಗೆ ಒಯ್ಯುವ ಹಣವನ್ನು ಅವನು ಕಡಿಮೆ ಮಾಡಿಕೊಳ್ಳಬೇಕು.

ಹಾಗಾದರೆ ಅಂಗಡಿಯಲ್ಲಿ ಎಲ್ಲಿ ಉಳಿಸಬೇಕು? ಮೂರು ಕಡೆಗಳಲ್ಲಿ.

ಮೊದಲನೆಯದು ಉದ್ರಿ. ಕಿರಾಣಿ ಅಂಗಡಿಯವನೊಬ್ಬನು 100 ರೂಪಾಯಿಗೆ ತಂದ ಸರಕನ್ನು 110 ರೂಪಾಯಿಗೆ ಉದ್ರಿ ಕೊಟ್ಟನೆಂದು ಇಟ್ಟುಕೊಳ್ಳಬಹುದು. ಸರಕಿನ ಹಣವನ್ನು ಅವನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಲ್ಲಿ ತಂದಿದ್ದಾನೆ. ಗಿರಾಕಿಯು ಆರು ತಿಂಗಳ ತರುವಾಯ ಹಣ ಕೊಟ್ಟರೆ ಲಾಭ 10 ರೂಪಾಯಿ, ತೆತ್ತ ಬಡ್ಡಿ 12 ರೂಪಾಯಿ. ಅವನು ಮಾರಿದಷ್ಟೂ ನಷ್ಟ. ಅಂಗಡಿಯಲ್ಲಿ ಜನಸಂದಣಿಯಿದ್ದರೂ ಪೆಟ್ಟಿಗೆ ಬರಿದಾಗುವುದು ಹೀಗೆ. ಕೂಲಿಯಿಲ್ಲದೆ ಹಸಿದವನಿಗೆ ಕೊಟ್ಟ ಎರಡು ಸೇರು ಜೋಳ ಉದ್ರಿಯಲ್ಲ, ಅದು ದಾಸೋಹ. ಅದನ್ನು ದಾಸೋಹವೆಂದೇ ಬರೆದು ಮರೆಯಬೇಕು. ಕೊಡಲು ಶಕ್ತಿಯಿದ್ದೂ ತಳ್ಳುವವನಿಗೆ ಕೊಡುವ ಉದ್ರಿಗೆ ಮಾತ್ರ ಮಿತಿಯನ್ನೂ ಗಡುವನ್ನೂ ಇಡಬೇಕು. ಬಡವನನ್ನು ಕಾಡಿ ಬಲ್ಲಿದನನ್ನು ಬಿಡುವುದು ವ್ಯಾಪಾರವೂ ಅಲ್ಲ, ಧರ್ಮವೂ ಅಲ್ಲ.

ಎರಡನೆಯದು ಕೊಳೆಯುವ ಸರಕು. ಧಾರಣೆ ಏರುವುದೆಂಬ ಆಸೆಯಿಂದಲೋ, ಎದುರಿನ ಅಂಗಡಿಗಿಂತ ತನ್ನದು ತುಂಬಿ ಕಾಣಲೆಂದೋ ತಂದ ಸರಕು ಕಪಾಟಿನಲ್ಲಿ ಕುಳಿತಿರುವ ಹಣ. ಹುಳು ತಿನ್ನುವ ಕಾಳು, ಬಣ್ಣ ಮಾಸುವ ಅರಿವೆ, ಅವಧಿ ಮೀರುವ ಔಷಧ ದಿನದಿನಕ್ಕೂ ಕರಗುವ ಬಂಡವಾಳ. ಮಂದವಾದ ಕಾಲದಲ್ಲಿ ಹೆಚ್ಚು ಹೋಗುವ ವಸ್ತುಗಳನ್ನು ಅಲ್ಪಅಲ್ಪವಾಗಿ ಮೇಲಿಂದ ಮೇಲೆ ತರುವುದೂ, ನಿಂತ ಸರಕನ್ನು ಲಾಭ ಬಿಟ್ಟಾದರೂ ಕಳೆದುಕೊಳ್ಳುವುದೂ ವಿವೇಕ.

ಮೂರನೆಯದು ಮನೆ ಮತ್ತು ಅಂಗಡಿ ಎರಡರ ಹಣವೂ ಕಲೆಯುವುದು. ಪೆಟ್ಟಿಗೆಯಲ್ಲಿರುವುದೆಲ್ಲ ತನ್ನದೆಂದು ವ್ಯಾಪಾರಿಯು ಭ್ರಮಿಸುತ್ತಾನೆ. ಅದರಲ್ಲಿ ಸಗಟು ವ್ಯಾಪಾರಿಯ ಹಣವಿದೆ, ಸರ್ಕಾರದ ತೆರಿಗೆಯಿದೆ, ಆಳಿನ ಕೂಲಿಯಿದೆ. ತನ್ನ ಸಂಸಾರಕ್ಕೆಂದು ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿಕೊಂಡು ಅಷ್ಟನ್ನೇ ತೆಗೆಯಬೇಕು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ ಭಂಡಾರದ ಹಣವನ್ನು ಜಂಗಮರಿಗೆ ವೆಚ್ಚ ಮಾಡಿದರೆಂಬ ದೂರು ಬಂದಿತೆಂದೂ, ಎಣಿಸಿ ನೋಡಿದಾಗ ಹಣವು ಲೆಕ್ಕಕ್ಕೆ ಸರಿಯಾಗಿತ್ತೆಂದೂ ಪುರಾಣಗಳು ಹೇಳುತ್ತವೆ. ಪವಾಡವೆಂದು ಕೈಮುಗಿದು ಸುಮ್ಮನಾಗುವ ಭಕ್ತನು ಅದರ ಪಾಠವನ್ನೂ ಕಲಿಯಬೇಕು. ಯಾರು ಯಾವಾಗ ಬಂದು ಎಣಿಸಿದರೂ ಲೆಕ್ಕಕ್ಕೆ ಹೊಂದುವ ಪೆಟ್ಟಿಗೆಯೇ ಭಕ್ತನ ಪೆಟ್ಟಿಗೆ.

ಉಳಿಸಿದುದನ್ನು ಇಡುವ ಎಡೆ

ಕಷ್ಟಪಟ್ಟು ಉಳಿಸಿದ ಹಣವನ್ನು ಎಲ್ಲಿಡಬೇಕೆಂಬುದೂ ವಿಚಾರಣೀಯ. ಬಡ್ಡಿಯವರ ಹಿಡಿತದಿಂದ ರೈತರನ್ನು ಬಿಡಿಸಲೆಂದು ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ನಾಡಿನ ಸಹಕಾರ ಚಳವಳಿಗೆ ಅದು ಮೊದಲ ಮೆಟ್ಟಿಲು. ಒಬ್ಬನ ಅಲ್ಪ ಹಣ ಅಲ್ಪವೇ. ಹತ್ತು ಜನರ ಅಲ್ಪ ಹಣ ಕೂಡಿದರೆ ಹನ್ನೊಂದನೆಯವನಿಗೆ ಆಸರೆ. ಸಂಘದ ಬಲವೆಂದರೆ ಇದು.

ಆದರೆ ಸಂಘವೆಂಬ ಹೆಸರನ್ನು ನೋಡಿ ಮಾತ್ರ ನಂಬುವುದು ಸಲ್ಲದು. ಬ್ಯಾಂಕುಗಳಲ್ಲಿಯೂ ಸಹಕಾರಿ ಬ್ಯಾಂಕುಗಳಲ್ಲಿಯೂ ಇಟ್ಟ ಠೇವಣಿಗೆ ವಿಮೆಯ ರಕ್ಷಣೆಯುಂಟು. 2020ರ ಫೆಬ್ರವರಿ 4ರಂದು ಆ ಮಿತಿಯನ್ನು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಬ್ಯಾಂಕಲ್ಲದ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಆದುದರಿಂದ ಸಂಘದಲ್ಲಿ ಹಣವಿಡುವವನು ಅದರ ವಾರ್ಷಿಕ ಸಭೆಗೆ ಹೋಗಬೇಕು, ಲೆಕ್ಕಪತ್ರವನ್ನು ಓದಬೇಕು, ಯಾರಿಗೆ ಎಷ್ಟು ಸಾಲ ಹೋಗಿದೆಯೆಂದು ಕೇಳಬೇಕು. ಜೀವಮಾನದ ಗಳಿಕೆಯನ್ನೆಲ್ಲ ಒಂದೇ ಎಡೆಯಲ್ಲಿ ಇಡಬಾರದು. ಎಲ್ಲರಿಗಿಂತ ಹೆಚ್ಚು ಬಡ್ಡಿ ಕೊಡುವೆನೆನ್ನುವವನ ಬಳಿ ಹಣವಿಟ್ಟು ಕಳೆದುಕೊಂಡ ನಿವೃತ್ತರೂ ವಿಧವೆಯರೂ ಊರೂರಲ್ಲಿ ಇದ್ದಾರೆ. ಅಲ್ಲಿ ಮೋಸಗಾರನ ತಪ್ಪೇ ದೊಡ್ಡದು. ಆದರೂ ಅವನಿಗೆ ಬಾಗಿಲು ತೆರೆದುದು ಮಾರಯ್ಯನ ಮಡಿಲಿಗೆ ಹೆಚ್ಚಿನ ಅಕ್ಕಿಯನ್ನು ತುಂಬಿದ ಆ ಆಸೆಯೇ.

ದಾಸೋಹದ ಪಾಲು

ಕಡೆಯ ಮಾತು ದಾಸೋಹವನ್ನು ಕುರಿತದ್ದು. ಕಷ್ಟಕಾಲ ಬಂದೊಡನೆ ಅನೇಕರು ಮೊದಲು ನಿಲ್ಲಿಸುವುದು ಇದನ್ನೇ. ಕೇಳುವವರಿಲ್ಲದ ವೆಚ್ಚವನ್ನು ಕಡಿಯುವುದು ಸುಲಭವಲ್ಲವೆ? ಆದರೆ ಲಕ್ಕಮ್ಮ ಮಾರಯ್ಯರು ಸಂಪತ್ತಿನ ಕಾಲದಲ್ಲಿ ದಾಸೋಹ ಮಾಡಿದವರಲ್ಲ. ನೆಲದ ಮೇಲೆ ಬಿದ್ದ ಅಕ್ಕಿಯನ್ನು ಆಯ್ದು ಬದುಕುವ ಮನೆಗೆ ಎಲ್ಲ ಕಾಲವೂ ಕಷ್ಟಕಾಲವೇ. ಬಡತನವನ್ನು ಅವರು ದಾಸೋಹಕ್ಕೆ ಅಡ್ಡಿಯೆಂದು ಎಣಿಸಲಿಲ್ಲ.

ಹಳೆಯ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಕೆಲವೆಡೆ ಈಗಲೂ ಇದೆ. ಅಡಿಗೆಗೆ ಅಕ್ಕಿಯನ್ನೋ ಜೋಳವನ್ನೋ ಅಳೆದಾಗ ಗೃಹಿಣಿಯು ಅದರಿಂದ ಒಂದು ಹಿಡಿಯನ್ನು ತೆಗೆದು ಬೇರೆ ಗಡಿಗೆಯಲ್ಲಿ ಹಾಕುವಳು. ಹಿಡಿಗೆ 50 ಗ್ರಾಂ ಎಂದು ಎಣಿಸಿದರೂ ವರ್ಷಕ್ಕೆ 18 ಕಿಲೋ ಮೀರುವುದು. ಉಣ್ಣುವವರಿಗೆ ಆ ಹಿಡಿ ಕಡಿಮೆಯಾದುದು ತಿಳಿಯುವುದೇ ಇಲ್ಲ. ಹಸಿದವನ ಮನೆಗೆ ಆ ಗಡಿಗೆ ಹೋದಾಗ ಮಾತ್ರ ಅದರ ತೂಕ ತಿಳಿಯುವುದು. ನೂರು ಮನೆಗಳ ಗಡಿಗೆಗಳು ಕೂಡಿದರೆ ಒಂದು ವಿದ್ಯಾರ್ಥಿನಿಲಯದ ಅನ್ನದ ಭಾರ ಎಷ್ಟೋ ಹಗುರಾಗುವುದು. ಉಳಿತಾಯವೂ ದಾಸೋಹವೂ ಒಂದೇ ಕೈಯ ಒಂದೇ ಚಲನೆಯಲ್ಲಿ ನಡೆಯಬಲ್ಲವೆಂಬುದಕ್ಕೆ ಈ ಹಿಡಿಧಾನ್ಯವೇ ಸಾಕ್ಷಿ.

ಹೀಗೆ ಮಿತವ್ಯಯಕ್ಕೂ ಲೋಭಕ್ಕೂ ಇರುವ ಅಂತರವು ಸ್ಪಷ್ಟವಾಗುವುದು. ಮಿತವ್ಯಯಿಯು ತನ್ನ ಆಡಂಬರವನ್ನು ಕಡಿಯುವನು. ಲೋಭಿಯು ಪರರ ಪಾಲನ್ನು ಕಡಿಯುವನು. ಮಿತವ್ಯಯಿಗೆ ಇಷ್ಟು ಸಾಕೆಂಬ ಅಳತೆಯುಂಟು. ಲೋಭಿಗೆ ಎಷ್ಟಾದರೂ ಸಾಲದು. ಇಬ್ಬರ ಮನೆಯಲ್ಲಿಯೂ ಹಣ ಉಳಿಯಬಹುದು. ಆದರೆ ಬರ ಬಂದ ವರ್ಷ ಒಬ್ಬನ ಹಗೇವಿನ ಬಾಯಿ ತೆರೆಯುವುದು, ಮತ್ತೊಬ್ಬನದು ಮುಚ್ಚಿಯೇ ಇರುವುದು. ಗೃಹಸ್ಥನು ತನ್ನ ಮನೆಯ ಅಳತೆಯನ್ನು ಲಕ್ಕಮ್ಮನಂತೆ ಅರಿತು, ಆ ಅಳತೆಗೆ ಮಿಗಿಲಾದ ಆಸೆಯನ್ನು ಮಾರಯ್ಯನಂತೆ ಮರಳಿ ಸುರಿದು ಬಂದರೆ, ಕಷ್ಟಕಾಲವು ಅವನ ಕೈಯನ್ನು ಬರಿದು ಮಾಡಬಹುದಾದರೂ ಮನೆಯನ್ನು ಮುರಿಯಲಾರದು.

ಮನನಕ್ಕಾಗಿ

1. ಲಕ್ಕಮ್ಮನಿಗೆ ಅಕ್ಕಿ ಹೆಚ್ಚಾದುದು ಹೇಗೆ ತಿಳಿಯಿತು? ಆ ಅಳತೆ ಇಂದಿನ ಮನೆಗಳಲ್ಲಿ ಯಾರ ಬಳಿ ಇದೆ?

2. ಕಳೆದ ತಿಂಗಳ ಮನೆಯ ವೆಚ್ಚವನ್ನು ಆವಶ್ಯಕ, ಅನುಕೂಲ, ಆಡಂಬರ ಎಂದು ಮೂರು ಪಟ್ಟಿ ಮಾಡಿ ಕೂಡಿ ನೋಡಿರಿ.

3. ಉದ್ರಿಗೂ ದಾಸೋಹಕ್ಕೂ ಭೇದವೇನು? ಅಂಗಡಿಯ ಪುಸ್ತಕದಲ್ಲಿ ಅವೆರಡನ್ನೂ ಬೇರೆ ಬೇರೆ ಬರೆಯಬೇಕಾದುದೇಕೆ?

4. ಧರ್ಮದ ಹಗೇವು ಪಾಪದ ಗುಂಡಿಯಾಗುವುದು ಯಾವಾಗ?